ಬೆಳ್ಳಿ ನೀರು ಕುಡಿಯಬಹುದೇ?

ಕೂಸಿಗೆ ಬಜೆ ತೇಯ್ದು ಕುಡಿಸಲು ಬೆಳ್ಳಿಯ ಒಳಲೆಯೇ ಆಗಬೇಕು ಎನ್ನುವ ಅಜ್ಜಿಯರು ಬೆಳಗಾವಿಯಲ್ಲಿ ಈಗಲೂ ಇದ್ದಾರೆ. ನೀರಿನ ಬಿಂದಿಗೆಗೆ ಬೆಳ್ಳಿ ನಾಣ್ಯ ಹಾಕಿಡುವುದೂ ಉಂಟು. ಈ ನಂಬಿಕೆ ಪೂರ್ತಿ ಬುಡವಿಲ್ಲದ್ದಲ್ಲ. ಪರ್ಷಿಯಾದ ದೊರೆ ಸೈರಸ್ ದಂಡಯಾತ್ರೆಗೆ ಹೊರಟಾಗ ಕುದಿಸಿದ ನೀರನ್ನು ಬೆಳ್ಳಿಯ ಪಾತ್ರೆಗಳಲ್ಲಿ ಒಯ್ಯುತ್ತಿದ್ದನೆಂದು ಹೆರೊಡೊಟಸ್ ಬರೆದಿದ್ದಾನೆ. ಅಂದರೆ ಆ ನೀರನ್ನು ಮೊದಲೇ ಕುದಿಸಿರುತ್ತಿದ್ದರು!

ಬೆಳ್ಳಿಯಿಂದ ಬಿಡುಗಡೆಯಾಗುವ ಅಯಾನುಗಳು ರೋಗಾಣುವಿನ ಪ್ರೋಟೀನುಗಳಲ್ಲಿರುವ ಗಂಧಕದ ಭಾಗಕ್ಕೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತವೆ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ತಗಲಿ ಹಸುಗೂಸುಗಳು ಕಣ್ಣು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ, 1880ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನ ವೈದ್ಯ ಕಾರ್ಲ್ ಕ್ರೆಡೆ ಹುಟ್ಟಿದ ಕೂಡಲೇ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಒಂದು ಹನಿ ಹಾಕತೊಡಗಿದ. ನೂರಕ್ಕೆ ಹತ್ತರಷ್ಟಿದ್ದ ಆ ರೋಗ ಅವನ ಆಸ್ಪತ್ರೆಯಲ್ಲಿ ಬಹುತೇಕ ಇಲ್ಲವಾಯಿತು. ಮುಂದೆ 1968ರಲ್ಲಿ ಅಮೆರಿಕದ ಚಾರ್ಲ್ಸ್ ಫಾಕ್ಸ್ ಸುಟ್ಟಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ತಂದ. ಗಮನಿಸಿ, ಎರಡೂ ಮೇಲೆ ಹಚ್ಚುವ, ಹನಿಸುವ ಮದ್ದುಗಳು.

ಹೊಟ್ಟೆಗೆ ಕೊಡುವ ಬೆಳ್ಳಿಯೂ ನಮ್ಮಲ್ಲಿದೆಯಲ್ಲ ಎಂದು ಕೇಳಬಹುದು. ಇದೆ, ಅದು ರಜತ ಭಸ್ಮ. ಶಹಾಪುರದಲ್ಲಿರುವ ಕೆ.ಎಲ್.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯ 1933ರಷ್ಟು ಹಳೆಯದು. ಅಂಥ ಕಾಲೇಜುಗಳಲ್ಲಿ ರಸಶಾಸ್ತ್ರ ಓದುವವರು ಬೆಳ್ಳಿಯನ್ನು ಶುದ್ಧಿ ಮಾಡಿ, ಪಾದರಸ, ಗಂಧಕಗಳೊಡನೆ ಅರೆದು, ಮತ್ತೆ ಮತ್ತೆ ಪುಟವಿಡುವ ಕ್ರಮವನ್ನು ಕಲಿಯುತ್ತಾರೆ. ಕೊನೆಗೆ ಸಿಗುವ ಕಪ್ಪು ಪುಡಿಯನ್ನು ವೈದ್ಯರು ತೂಕ ನೋಡಿಯೇ ಕೊಡಬೇಕು. ಅದನ್ನು ಹೆಸರು ಹೇಳಿ ಅಂಗಡಿಯಿಂದ ತಂದು ಮಕ್ಕಳಿಗೆ ನೆಕ್ಕಿಸುವಂತಿಲ್ಲ.

‘ರೋಗನಿರೋಧಕ ಶಕ್ತಿ’ಯ ಹೆಸರಿನಲ್ಲಿ ಬಾಟಲಿಯಲ್ಲಿ ಮಾರುವ ಬೆಳ್ಳಿ ನೀರಿನ ಕಥೆಯಂತೂ ಬೇರೆಯೇ. ಇಂಥ ಔಷಧಗಳು ಸುರಕ್ಷಿತವೆಂದಾಗಲಿ, ಗುಣ ಕೊಡುತ್ತವೆಂದಾಗಲಿ ಒಪ್ಪಲಾಗದು ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 1999ರಲ್ಲೇ ಹೇಳಿತು. ದಿನಾ ಕುಡಿದರೆ ಬೆಳ್ಳಿ ಚರ್ಮದಲ್ಲಿ ಸೇರಿಕೊಳ್ಳುತ್ತದೆ. ಹಳೆಯ ಫೋಟೊ ಫಿಲ್ಮು ಬೆಳಕಿಗೆ ಕಪ್ಪಾಗುತ್ತಿದ್ದಂತೆಯೇ ಅಲ್ಲಿಯೂ ಬಿಸಿಲು ತಾಗಿ ಬಣ್ಣ ತಿರುಗುತ್ತದೆ. ಮುಖ ನೀಲಿ-ಬೂದಿಯಾಗುತ್ತದೆ, ಕುಡಿಯುವುದನ್ನು ಬಿಟ್ಟರೂ ಆ ಬಣ್ಣ ಹೋಗುವುದಿಲ್ಲ.

ಹಾಗಾದರೆ ನೀರಿಗೂ ಬೆಳ್ಳಿಗೂ ನಂಟೇ ಇಲ್ಲವೇ? ಇದೆ, ಆದರೆ ಅದು ಕುಂಬಾರರ ಕೈಯಲ್ಲಿದೆ. 1981ರಲ್ಲಿ ಗ್ವಾಟೆಮಾಲಾದ ಫರ್ನಾಂಡೊ ಮಸಾರಿಯೆಗೋಸ್ ಎಂಬಾತ ಮಣ್ಣಿನ ಸೋಸುಗಡಿಗೆಯೊಂದನ್ನು ರೂಪಿಸಿದ. ಜೇಡಿಮಣ್ಣಿಗೆ ಮರದ ಹೊಟ್ಟು ಕಲಸಿ ಸುಟ್ಟರೆ ಹೊಟ್ಟು ಉರಿದುಹೋಗಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಆ ಗಡಿಗೆಗೆ ಬೆಳ್ಳಿಯ ತೆಳು ದ್ರವ ಬಳಿಯುತ್ತಾರೆ. ಗಂಟೆಗೆ ಒಂದೂವರೆ-ಎರಡು ಲೀಟರ್ ನೀರು ಸೋಸುತ್ತದೆ. ರೋಗಾಣುವನ್ನು ಮುಖ್ಯವಾಗಿ ತಡೆಯುವುದು ರಂಧ್ರಗಳು, ಬೆಳ್ಳಿಯದು ಜೊತೆಗಾರಿಕೆ ಅಷ್ಟೆ. ಮರದ ಹೊಟ್ಟಿನ ಬದಲು ಭತ್ತದ ಹೊಟ್ಟಾದರೂ ನಡೆಯುತ್ತದೆ.

ಹಂಚು-ಮಡಕೆಗಳಿಗೆ ಹೆಸರಾದ, ಭತ್ತ ಬೆಳೆಯುವ ಖಾನಾಪುರದಲ್ಲಿ ಮಣ್ಣಿಗೂ ಕೊರತೆಯಿಲ್ಲ, ಹೊಟ್ಟಿಗೂ ಕೊರತೆಯಿಲ್ಲ. ಅಂಥ ಗಡಿಗೆ ಕೈಗೆ ಬರುವವರೆಗೆ, ಮಳೆಗಾಲದ ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿಯೇ ಬಿಂದಿಗೆಗೆ ತುಂಬಬೇಕು, ಒಳಗೆ ಬೆಳ್ಳಿ ನಾಣ್ಯವಿದ್ದರೂ ಸರಿ, ಇಲ್ಲದಿದ್ದರೂ ಸರಿ.