ಹೊಸ ಜಾಝ್ ಮೇಳಗಳಿಗೊಂದು ವೇದಿಕೆ

ಜಾಝ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ಬಸವನಗುಡಿ, ಜಯನಗರಗಳ ಸಂಗೀತಪ್ರಿಯರ ಮನದಲ್ಲಿ ಮೂಡುವುದು ಮಬ್ಬುಬೆಳಕಿನ ಪಾನಗೃಹದ ಚಿತ್ರ. ಆ ಚಿತ್ರ ಪೂರ್ತಿ ಸುಳ್ಳೆಂದು ಹೇಳುವಂತಿಲ್ಲ. ಬೆಂಗಳೂರಿನಲ್ಲಿ ಈ ಸಂಗೀತ ಹೆಚ್ಚಾಗಿ ಕೇಳಿಬರುವುದು ಇಂದಿರಾನಗರ, ವೈಟ್‌ಫೀಲ್ಡ್ ಕಡೆಯ ಅಂಥ ಸ್ಥಳಗಳಲ್ಲಿಯೇ. ಅಲ್ಲಿ ನೆರೆದವರಲ್ಲಿ ಅನೇಕರು ಊಟಕ್ಕೆ ಬಂದವರು. ಹೈಸ್ಕೂಲಿನ ಹುಡುಗನಿಗೆ ಅದು ಹೋಗುವ ಜಾಗವಲ್ಲ. ಹೊಸದಾಗಿ ಕೂಡಿಕೊಂಡ ತರುಣರ ಮೇಳಕ್ಕೆ ಅವಕಾಶ ದೊರೆತರೂ ಜನ ಬಲ್ಲ ಹಾಡುಗಳನ್ನೇ ನುಡಿಸಬೇಕೆಂಬ ಒತ್ತಾಯ ತಪ್ಪದು. ಸ್ವಂತ ರಚನೆಯನ್ನು ಮೊದಲ ಸಲ ನುಡಿಸಿ, ಎಡವಿ, ಸಾವರಿಸಿಕೊಂಡು ಮತ್ತೆ ನುಡಿಸುವ ಎಡೆ ಅವರಿಗೆಲ್ಲಿದೆ? ಅದನ್ನು ಒದಗಿಸಬಲ್ಲುದು ನಗರದ ದಕ್ಷಿಣ ಭಾಗವೇ. ವರ್ಷಕ್ಕೊಂದು ದಿನ, ಹೊಸ ಜಾಝ್ ಮೇಳಗಳಿಗೆಂದೇ ಮೀಸಲಾದ ಉತ್ಸವವೊಂದು ಜಯನಗರದ ಸಭಾಂಗಣದಲ್ಲಿ ನಡೆಯಬೇಕು.

ಉತ್ಸವವೊಂದು ಕಲಾವಿದನಿಗೆ ಏನನ್ನು ನೀಡಬಲ್ಲುದೆಂಬುದಕ್ಕೆ ಕನ್ನಡನಾಡಿನವರೇ ಒಬ್ಬರು ನಿದರ್ಶನವಾಗಿದ್ದಾರೆ. ಬಂಟ್ವಾಳ ತಾಲ್ಲೂಕಿನ ಸಜೀಪದಲ್ಲಿ, ನಾಗಸ್ವರ ವಾದಕರ ಮನೆಯಲ್ಲಿ 1949ರಲ್ಲಿ ಜನಿಸಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದವರು. ಬೆಲ್ಜಿಯಂ ದೇಶದ ಅಡಾಲ್ಫ್ ಸಾಕ್ಸ್ 19ನೆಯ ಶತಮಾನದಲ್ಲಿ ರೂಪಿಸಿದ ಆ ಲೋಹವಾದ್ಯದಿಂದ ಗಮಕ ಹೊರಡಿಸಲು ಅವರು ವರ್ಷಗಟ್ಟಲೆ ಸೆಣಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ವೇದಿಕೆಯೇರಿ ಜೊತೆಗೂಡಿದರು. ಗೋಪಾಲನಾಥರಿಗೆ ಆಗ ಮೂವತ್ತರ ಹರೆಯ. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೆ ಅವರನ್ನು ಕರೆದೊಯ್ದ ಕೀರ್ತಿಗೆ ಆ ಸಂದರ್ಭವೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ಆದರೆ ಅವರ ವಾದ್ಯವನ್ನು ಮಡಿವಂತಿಕೆಯ ಸಭೆಗಳು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ ಜಾಝ್ ವೇದಿಕೆ ಅದನ್ನು ತೆರೆದ ಕಿವಿಯಿಂದ ಕೇಳಿತೆಂಬುದು ಸಣ್ಣ ಮಾತಲ್ಲ. ಮುಂದೆ ಅಮೆರಿಕದಲ್ಲಿ ಬೆಳೆದ ಕನ್ನಡ ಮನೆತನದ ಸ್ಯಾಕ್ಸೊಫೋನ್ ವಾದಕ ರುದ್ರೇಶ ಮಹಾಂತಪ್ಪ ಇದೇ ಗೋಪಾಲನಾಥರನ್ನು ಅರಸಿ ಬಂದರು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆ ಹೊರಬಂದಿತು.

ಬೆಂಗಳೂರಿನ ಪಾಲೂ ಕಡಿಮೆಯದಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯ ಕಲಾವಿದರು, ಗಾಯಕಿ ಆರ್.ಎ. ರಮಾಮಣಿಯವರೊಡನೆ, ಅಮೆರಿಕದ ಚಾರ್ಲಿ ಮರಿಯಾನೊ ಅವರ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ರೂಪಿಸಿದರು. ಪ್ರಕಟಿಸಿದ್ದು ಜರ್ಮನಿಯ ಇಸಿಎಂ ಸಂಸ್ಥೆ. ಯೂರೋಪಿನ ಜಾಝ್ ರಸಿಕರು ಬಲ್ಲ ಈ ಹೆಸರುಗಳು ಬನಶಂಕರಿಯ ವಿದ್ಯಾರ್ಥಿಗೆ ತಿಳಿಯದಿರುವುದು ವಿಷಾದಕರ.

‘ನಮ್ಮದಲ್ಲದ ಸಂಗೀತಕ್ಕೆ ನಮ್ಮ ಸಭಾಂಗಣವೇಕೆ?’ ಎಂಬ ಆಕ್ಷೇಪಣೆ ಬಾರದಿರದು. ಪಿಟೀಲು ಪರದೇಶದ ವಾದ್ಯವೆಂಬುದನ್ನೇ ಮರೆತ ನಾಡು ಇದು. ಚೌಡಯ್ಯನವರ ಸ್ಮರಣೆಗಾಗಿ ಪಿಟೀಲಿನ ಆಕಾರದಲ್ಲೇ ಭವನ ಕಟ್ಟಿಸಿದ ನಗರ ಇದು! ಜಾಝ್ ಮೇಳದವರು ಮೊದಲು ಎಲ್ಲರೂ ಕೂಡಿ ಒಂದು ಮಟ್ಟನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅದೇ ಆವರ್ತದ ಮೇಲೆ ಆ ಕ್ಷಣದ ಕಲ್ಪನೆಯನ್ನು ಹರಿಯಬಿಟ್ಟು, ಕೊನೆಗೆ ಮತ್ತೆ ಮಟ್ಟಿಗೆ ಮರಳುತ್ತಾರೆ. ಕಲ್ಪನಾಸ್ವರವನ್ನೂ ತನಿ ಆವರ್ತನವನ್ನೂ ಬೆರಳೆಣಿಸಿ ಅನುಸರಿಸಬಲ್ಲ ಶ್ರೋತೃವಿಗೆ ಈ ಮಾರ್ಗ ದುರ್ಗಮವಲ್ಲ. ಆದರೆ ಎರಡೂ ಒಂದೇ ಎಂದು ಬಣ್ಣಿಸುವ ಚಪಲವೂ ಬೇಡ. ಹಲವು ಸ್ವರಗಳನ್ನು ಏಕಕಾಲದಲ್ಲಿ ಹೊಂದಿಸುವ ಕ್ರಮ ಅದರ ನೆಲೆಗಟ್ಟು. ನ್ಯೂ ಆರ್ಲಿಯನ್ಸ್ ನಗರದ ಆಫ್ರಿಕಾ ಮೂಲದ ಜನರ ನೋವು-ನಲಿವು ಅದರ ತವರು. ಅದನ್ನು ಅದರ ಗುಣದಿಂದಲೇ ಅರಿಯುವುದು ಸೌಜನ್ಯ.

ಉತ್ಸವದ ವ್ಯವಸ್ಥೆ ದುಬಾರಿಯಾಗಬೇಕಿಲ್ಲ. ಎಂಟನೆಯ ಬ್ಲಾಕಿನ ಜೆ.ಎಸ್.ಎಸ್. ಸಭಾಂಗಣವಿದೆ; ನ್ಯಾಷನಲ್ ಕಾಲೇಜಿನ ಎಚ್.ಎನ್. ಕಲಾಕ್ಷೇತ್ರವಿದೆ. ಸಂಜೆಯ ಮುಖ್ಯ ಕಚೇರಿಗೆ ಮುನ್ನ ಕಿರಿಯರಿಗೆ ಒಂದು ಗಂಟೆ ಬಿಟ್ಟುಕೊಡುವ ಪರಿಪಾಠ ರಾಮನವಮಿಯ ಪೆಂಡಾಲುಗಳಿಂದಲೇ ಇಲ್ಲಿನವರಿಗೆ ಪರಿಚಿತ. ಆದರೆ ಹೊಸ ಮೇಳಗಳ ಮಟ್ಟಿಗೆ ಹಿರಿಯರ ಮುನ್ನುಡಿಯಾಗಿ ನಿಲ್ಲುವುದಕ್ಕಿಂತ ಇಡೀ ದಿನ ಅವರದೇ ಆಗುವುದು ಮೇಲು. ಸ್ಪರ್ಧೆ, ಬಹುಮಾನಗಳ ಗೊಡವೆ ಖಂಡಿತ ಕೂಡದು. ಬಹುಮಾನದ ಆಸೆಗೆ ಬಿದ್ದ ವಾದಕ ವೇಗವನ್ನು ಮೆರೆಸುತ್ತಾನೆ; ಜೊತೆಗಾರನನ್ನು ಕೇಳಿಸಿಕೊಳ್ಳುವುದನ್ನು ಮರೆಯುತ್ತಾನೆ. ಜಾಝ್‌ನಲ್ಲಿ ಅದಕ್ಕಿಂತ ದೊಡ್ಡ ಲೋಪವಿಲ್ಲ. ಪ್ರತಿ ಮೇಳಕ್ಕೂ ಮುಕ್ಕಾಲು ಗಂಟೆ, ಅದರಲ್ಲಿ ಒಂದಾದರೂ ಸ್ವಂತ ರಚನೆ ಎಂಬ ನಿಯಮ ಸಾಕು. ಡ್ರಮ್‌ಗಳ ಜೋಡಣೆಯನ್ನು ಮೇಳಕ್ಕೊಮ್ಮೆ ಬಿಚ್ಚಿ ಕಟ್ಟುವ ಬದಲು ಎಲ್ಲರಿಗೂ ಒಂದನ್ನೇ ಇಡಬಹುದು. ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರವು ತಡವಾಗಿ ಬಂದವರನ್ನು ಒಳಗೆ ಬಿಡದೆ ನಾಟಕದ ಪ್ರೇಕ್ಷಕರಿಗೆ ಶಿಸ್ತು ಕಲಿಸಿತು. ಆ ಕಟ್ಟುಪಾಡು ಇಲ್ಲಿಗೂ ಒಪ್ಪುತ್ತದೆ.

ದಿನವನ್ನು ಹುಡುಕಬೇಕಾಗಿಯೂ ಇಲ್ಲ. ಯುನೆಸ್ಕೊ 2011ರಲ್ಲಿ ಗೊತ್ತುಪಡಿಸಿದಂತೆ ಏಪ್ರಿಲ್ 30 ಅಂತರರಾಷ್ಟ್ರೀಯ ಜಾಝ್ ದಿನ. ಶಾಲೆಗಳಿಗೆ ಆಗ ಬೇಸಿಗೆಯ ರಜೆ. ಹಗಲಿನಲ್ಲೇ ಉತ್ಸವ ನಡೆದರೆ ಮಕ್ಕಳೂ ಬರಬಹುದು. ಅವರಿಂದ ಟಿಕೆಟ್ಟಿನ ಹಣ ಕೇಳಬಾರದು, ಮುಂದಿನ ಎರಡು ಸಾಲು ಕುರ್ಚಿಗಳನ್ನು ಗಣ್ಯರಿಗೆ ಕಾದಿರಿಸದೆ ಅವರಿಗೇ ಬಿಡಬೇಕು.