ಬೇಕಾದುದು ಮೆರುಗಲ್ಲ, ಮಸೆತ

ಹಿರಿಯರಿಂದ ಬಂದ ವಸ್ತುವನ್ನು ಹಾಳುಗೆಡಹುವವರಲ್ಲಿ ಎರಡು ಬಗೆ: ನಾಚಿಕೆಯಿಂದ ಬಚ್ಚಿಡುವವರು ಒಬ್ಬರು, ಹೆಮ್ಮೆಯಿಂದ ಉಜ್ಜಿ ಸವೆಸುವವರು ಇನ್ನೊಬ್ಬರು. ಈ ಇಬ್ಬರ ನಡುವೆ ಸಿಕ್ಕಿಬಿದ್ದ ಒಂದು ಕ್ಷೌರದ ಕತ್ತಿಯ ಪರವಾಗಿ ನಾನು ವಕಾಲತ್ತು ವಹಿಸಬೇಕಾಗಿದೆ.

ಕತ್ತಿ ನನ್ನ ಅಜ್ಜನದು. ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಆಯದ ಕಾಳಿಗೆ ಊರವರ ಗಡ್ಡ ತೆಗೆಯುತ್ತಿದ್ದವರು ಅವರು. ತಂದೆಯವರು ಅದನ್ನು ಮುಂಬಯಿಗೆ ತಂದು ಟ್ರಂಕಿನ ತಳಕ್ಕೆ ಸೇರಿಸಿದರು. ಗಿರಣಿಯಲ್ಲಿ ಕೆಲಸ ಸಿಕ್ಕವರಿಗೆ ಹಡಪದ ಗುರುತು ಬೇಕಿರಲಿಲ್ಲ. ಈಗ ಅದು ನನ್ನ ಪಾಲಿಗೆ ಬಂದಿದೆ. “ಮಗಳ ಸಂಬಂಧದ ಮಾತು ನಡೆದಿರುವಾಗ ಇದೇಕೆ ಮನೆಯಲ್ಲಿ? ಸಮುದ್ರಕ್ಕೆ ಎಸೆದು ಬಾ” ಎಂದರು ನೆಂಟರು. “ಯಂತ್ರದ ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಹೊಳೆಯಿಸಿರಿ, ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಡೋಣ” ಎಂದರು ಸಂಸ್ಕೃತಿಪ್ರಿಯ ಮಿತ್ರರು. ಇಬ್ಬರಿಗೂ ನನ್ನ ಉತ್ತರ ಒಂದೇ: ಈ ಕತ್ತಿಯಿಂದ ನಾನು ಗಡ್ಡ ತೆಗೆದುಕೊಳ್ಳುತ್ತೇನೆ.

ಮೊದಲು ಮಿತ್ರರ ಮಾತು. ಉಕ್ಕಿನ ಸತ್ವವಿರುವುದು ಅದಕ್ಕೆ ಕೊಟ್ಟ ಹದದಲ್ಲಿ. ವೇಗವಾಗಿ ತಿರುಗುವ ಚಕ್ರಕ್ಕೆ ಹಿಡಿದರೆ ಕಾಗದದಷ್ಟು ತೆಳುವಾದ ಅಂಚು ಕ್ಷಣಾರ್ಧದಲ್ಲಿ ಕಾಯುತ್ತದೆ. ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹದ ಇಳಿಯತೊಡಗುತ್ತದೆ. ಉಕ್ಕು ನೀಲಿಗಟ್ಟಿತೆಂದರೆ ಅಲ್ಲಿ ಹರಿತ ನಿಲ್ಲದು. ಹೊಳಪು ಬಂತು, ಕತ್ತಿ ಸತ್ತಿತು. ಅಲಗಿನ ಬುಡದಲ್ಲಿರುವ ‘ಸೋಲಿಂಗನ್, ಜರ್ಮನಿ’ ಎಂಬ ಅಚ್ಚೂ ಅದರೊಡನೆ ಅಳಿಯುತ್ತದೆ. 1887ರ ಬ್ರಿಟಿಷ್ ಸರಕುಮುದ್ರೆ ಕಾಯ್ದೆಯ ತರುವಾಯ ಜರ್ಮನ್ ಸರಕಿನ ಮೇಲೆ ದೇಶದ ಹೆಸರು ಬೀಳುವುದು ರೂಢಿಯಾಯಿತು. ಆ ಎರಡು ಪದಗಳೇ ಈ ಕತ್ತಿಯ ಜಾತಕ. ಪರಂಪರೆಯ ಹೆಸರಿನಲ್ಲಿ ಅದರ ಸಾಕ್ಷಿಯನ್ನೇ ಅಳಿಸುವುದು ಯಾವ ಅಭಿಮಾನ?

ಶುಚಿಗೊಳಿಸುವುದೆಂದರೆ ಏನನ್ನು ತೆಗೆಯಬೇಕು, ಏನನ್ನು ಉಳಿಸಬೇಕು ಎಂಬ ವಿವೇಕ. ಕೆಂಪು ತುಕ್ಕು ಉಕ್ಕನ್ನು ತಿನ್ನುತ್ತದೆ, ಅದು ಹೋಗಲೇಬೇಕು. ಎಣ್ಣೆ ಸವರಿ ಒಂದು ದಿನ ಬಿಟ್ಟು, ನಯವಾದ ಮರಳು ಕಾಗದದಿಂದ, ಬೆನ್ನಿನಿಂದ ಅಂಚಿನ ಕಡೆಗೆ, ಕೈಯಿಂದಲೇ ಉಜ್ಜಬೇಕು. ಮಾಸಲು ಕಪ್ಪಾದರೋ ಕಾಲವು ಹೊದಿಸಿದ ಪೊರೆ; ಅದು ಇರಲಿ. ಸೆಲ್ಯುಲಾಯ್ಡ್ ಹಿಡಿ ಕೊಳೆತಿದ್ದರೆ ಅದರಿಂದ ಹೊರಡುವ ಆಮ್ಲದ ಆವಿಯೇ ಅಲಗನ್ನು ಕೆಡಿಸುವುದರಿಂದ ಹಿಡಿಯನ್ನು ಬದಲಿಸಬೇಕು. ಕತ್ತಿಯನ್ನು ಕುದಿಸಬಾರದು, ಸಾಬೂನು ನೀರಿನಲ್ಲಿ ತೊಳೆದು, ಒರೆಸಿ, ಅಲಗಿಗಷ್ಟೇ ಶೇಕಡಾ 70ರ ಸ್ಪಿರಿಟ್ಟು ಸವರಿದರೆ ಸಾಕು. ಹೆಪಟೈಟಿಸ್-ಬಿ ವೈರಾಣು ದೇಹದ ಹೊರಗೂ ಕನಿಷ್ಠ 7 ದಿನ ಬದುಕಬಲ್ಲದು. ಆದುದರಿಂದ ಕತ್ತಿ ಮನೆತನದ್ದಾದರೂ ಒಂದು ಕಾಲಕ್ಕೆ ಒಬ್ಬನ ಕೆನ್ನೆಗೆ ಮಾತ್ರ ಸಲ್ಲಬೇಕು.

ಅನಂತರ ಮಸೆತ. ಸಾಣೆಕಲ್ಲು 1000ದಿಂದ ಆರಂಭವಾಗಿ 8000ದ ನುಣುಪಿಗೆ ಏರಬೇಕು. ಬೆನ್ನು, ಅಂಚು ಎರಡೂ ಕಲ್ಲಿಗೆ ತಾಗಿರಬೇಕು. ಕೋನವನ್ನು ನಿರ್ಧರಿಸುವುದು ಬೆನ್ನೇ ಹೊರತು ನಮ್ಮ ಜಾಣತನವಲ್ಲ. ಕಲ್ಲಿನ ಮೇಲೆ ಅಂಚು ಮುಂದೆ, ತೊಗಲಪಟ್ಟಿಯ ಮೇಲೆ ಬೆನ್ನು ಮುಂದೆ. ಪಟ್ಟಿಯ ಮೇಲೆ ಐವತ್ತು ಸಲ ಹೋಗಿಬಂದ ಅಲಗು ಮುಂಗೈ ರೋಮವನ್ನು ಸದ್ದಿಲ್ಲದೆ ಕತ್ತರಿಸಿದರೆ ಮುಖಕ್ಕೆ ಯೋಗ್ಯವಾಯಿತೆಂದು ತಿಳಿಯಬಹುದು.

ಇನ್ನು ನೆಂಟರ ನಾಚಿಕೆ. ಕುತ್ತಿಗೆಯನ್ನೇ ನಂಬಿ ಒಪ್ಪಿಸಿ, ಅನಂತರ ಆ ಕೈ ಮೈಲಿಗೆಯೆಂದು ಸ್ನಾನಕ್ಕೆ ಓಡಿದ ಸಮಾಜ ನಮ್ಮದು. ನಾಚಬೇಕಾದುದು ಕತ್ತಿಯೋ ಸಮಾಜವೋ? ಆದರೆ ಕತ್ತಿಯೂ ನಿರ್ದೋಷಿಯಲ್ಲವೆಂದು ನಾನು ಒಪ್ಪುತ್ತೇನೆ. ವಿಧವೆಯರ ತಲೆ ಬೋಳಿಸಿದ್ದು ಇಂಥ ಅಲಗೇ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ನಮ್ಮ ನಾಡಿನ ಹಳ್ಳಿಗಳಿಂದ ಈ ಶತಮಾನದಲ್ಲಿಯೂ ಬಂದಿದೆ. ಅದು ಕೆಂಪು ತುಕ್ಕು; ಅದಕ್ಕೆ ಪರಂಪರೆಯೆಂಬ ರಿಯಾಯಿತಿ ಸಲ್ಲದು. ಆದರೆ 1890ರಲ್ಲಿ ಇದೇ ಮುಂಬಯಿಯಲ್ಲಿ, ಗಿರಣಿ ಕಾರ್ಮಿಕರ ಮುಂದಾಳು ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ, ಕ್ಷೌರಿಕರು ಸಭೆ ಸೇರಿ ವಿಧವೆಯರ ತಲೆಗೆ ಕತ್ತಿ ಹಚ್ಚುವುದಿಲ್ಲವೆಂದು ತೀರ್ಮಾನಿಸಿದರು. ಶಾಸ್ತ್ರ ಬಲ್ಲವರು ಹಿಂದೆಮುಂದೆ ನೋಡುತ್ತಿದ್ದಾಗ ಬೇಡವೆಂದವರು ಕತ್ತಿ ಹಿಡಿದವರು. ಗಿರಣಿಗೆ ಸೇರಿ ಹಡಪವನ್ನು ಬಚ್ಚಿಟ್ಟ ನನ್ನ ತಂದೆಗೆ ಈ ಕಥೆಯನ್ನು ಯಾರೂ ಹೇಳಲಿಲ್ಲ ಎಂಬುದೇ ನನ್ನ ಕೊರಗು.

ಈ ಚರಿತ್ರೆಯನ್ನು ಸಮುದ್ರಕ್ಕೆ ಎಸೆಯಲಾರೆ, ಗಾಜಿನೊಳಗೂ ಇಡಲಾರೆ. ನಿನ್ನೆ ಬೆಳಿಗ್ಗೆ ಮೊದಲ ಸಲ ಅದನ್ನು ಬಳಸಿದೆ. ಗದ್ದದ ಬಳಿ ಒಂದು ಸಣ್ಣ ಗೀರು ಬಿದ್ದಿತು. ತಪ್ಪು ಕತ್ತಿಯದಲ್ಲ, ಕೈಯದು. ಸಂಬಂಧ ಬೆಳೆಸಲು ಬರುವವರು ಬರಲಿ. ಅಜ್ಜನ ಕತ್ತಿ ಬಚ್ಚಲುಮನೆಯ ಗೂಡಿನಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಇದೆ.