ತಟ್ಟೆಯ ಕೋಶ ಬೇರೆ, ಮನೆಯ ಮಗು ಬೇರೆ

ಮಗು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲವೆಂದು ಕೊರಗುವ ತಂದೆ-ತಾಯಂದಿರು ಅನೇಕ. ಬೆಳವಣಿಗೆಯ ಹಾರ್ಮೋನನ್ನು ಹೆಚ್ಚಿಸುವ ಔಷಧ ಸಿಕ್ಕಿತೆಂಬ ಸುದ್ದಿ ಓದಿದರೆ ಅವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಆ ಪ್ರಯೋಗ ನಡೆದದ್ದು ಯಾರ ಮೇಲೆ ಎಂಬುದನ್ನು ಮೊದಲು ವಿಚಾರಿಸಬೇಕು.

ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಮೆರಿಕದ ವಿಜ್ಞಾನಿ ಆರ್ಮೆನ್ ತಾಶ್ಜಿಯಾನ್ ಮತ್ತು ಸಂಗಡಿಗರು ಇಲಿಯ ಪಿಟ್ಯುಟರಿ ಗೆಡ್ಡೆಯ ಜೀವಕೋಶಗಳನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ, 1968ರಲ್ಲಿ ಆ ಕುರಿತು ವರದಿ ಮಾಡಿದರು. ಈ ಕೋಶಗಳು ಹಾರ್ಮೋನನ್ನು ತಯಾರಿಸಿ ಸುತ್ತಲಿನ ದ್ರವಕ್ಕೆ ಸ್ರವಿಸುತ್ತವೆ. ಆ ದ್ರವವನ್ನು ಪರೀಕ್ಷಿಸಿದರೆ ಎಷ್ಟು ಉತ್ಪತ್ತಿಯಾಯಿತೆಂದು ತಿಳಿಯುತ್ತದೆ. ದ್ರವಕ್ಕೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಬೆರೆಸಿದಾಗ ಬೆಳವಣಿಗೆಯ ಹಾರ್ಮೋನಿನ ಉತ್ಪತ್ತಿ ಹಲವು ಪಟ್ಟು ಹೆಚ್ಚಿತೆಂದು 1969ರಲ್ಲಿ ಪ್ರಕಟವಾಯಿತು. ಇದೇ ಕೋಶಗಳು ತಯಾರಿಸುವ ಇನ್ನೊಂದು ಹಾರ್ಮೋನು, ಪ್ರೊಲ್ಯಾಕ್ಟಿನ್, ಮಾತ್ರ ಸ್ಟೀರಾಯ್ಡಿನಿಂದ ಕಡಿಮೆಯಾಗುತ್ತದೆ.

ಹಾಗಾದರೆ ಸ್ಟೀರಾಯ್ಡ್ ಕೊಟ್ಟರೆ ಮಗು ಎತ್ತರವಾಗುವುದೇ? ಖಂಡಿತ ಇಲ್ಲ. ಸ್ಟೀರಾಯ್ಡ್ ಮಾತ್ರೆಗಳನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ನುಂಗುವ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಅವು ಎಲುಬಿನ ತುದಿಯಲ್ಲಿರುವ ಬೆಳೆಯುವ ಭಾಗವನ್ನೇ ತಡೆಯುತ್ತವೆ, ಸ್ನಾಯುವಿನ ಪ್ರೋಟೀನನ್ನು ಕರಗಿಸುತ್ತವೆ. ತಟ್ಟೆಯಲ್ಲಿ ಎಲುಬೂ ಇಲ್ಲ, ಸ್ನಾಯುವೂ ಇಲ್ಲ. ಇರುವುದು ಒಂದೇ ಜಾತಿಯ ಕೋಶ.

ಹಾಗೆಂದು ಇಂಥ ಪ್ರಯೋಗಗಳು ವ್ಯರ್ಥವಲ್ಲ. ಹಾರ್ಮೋನುಗಳು ಕೋಶದೊಳಗೆ ಹೇಗೆ ಕೆಲಸ ಮಾಡುತ್ತವೆಂಬ ತಿಳಿವಳಿಕೆಗೆ ಅವು ನೆರವಾಗಿವೆ. ಆದರೆ ಅಲ್ಲಿಂದ ಔಷಧದ ಅಂಗಡಿಗೆ ನೇರ ದಾರಿಯಿಲ್ಲ. ತಟ್ಟೆಯಲ್ಲೋ, ಪ್ರಾಣಿಯಲ್ಲೋ, ಮನುಷ್ಯನಲ್ಲೋ ಎಂಬ ಪ್ರಶ್ನೆಯನ್ನು ಓದುಗರು ಪ್ರತಿ ಸುದ್ದಿಗೂ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ: ಇದನ್ನು ಓದಿ ಹೆದರಿ, ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಬೇಡಿ, ಅದು ಪ್ರಾಣಕ್ಕೇ ಅಪಾಯ ತಂದೀತು. ಅಂಗಡಿಯವರನ್ನು ಕೇಳಿ ತಂದು ಕೊಡಲೂ ಬೇಡಿ. ಆರು ತಿಂಗಳಿಗೊಮ್ಮೆ ಮಗುವಿನ ಎತ್ತರ ಅಳೆದು ಬರೆದಿಡಿ. ಬೆಳವಣಿಗೆ ನಿಧಾನವೆನಿಸಿದರೆ ಆ ಲೆಕ್ಕದೊಡನೆ ಮಕ್ಕಳ ವೈದ್ಯರನ್ನು ಕಾಣಿ. ಆಹಾರದ ಕೊರತೆಯೋ, ಥೈರಾಯ್ಡ್ ದೋಷವೋ, ಬೇರೇನೋ ಎಂಬುದನ್ನು ಅವರು ಪರೀಕ್ಷಿಸಿ ಹೇಳುತ್ತಾರೆ.